ತಾನಾಗಿ ಸೀಳಿದ ಹೃದಯ ರಕ್ತನಾಳ: ಸ್ಟೆಂಟ್ ಹಾಕಿಸುವುದೋ, ಕಾಯುವುದೋ?

ಕೊಬ್ಬು ಕಟ್ಟಿ ಆಗುವ ಹೃದಯಾಘಾತದಲ್ಲಿ ಸ್ಟೆಂಟ್ ಸಾಮಾನ್ಯವಾಗಿ ಮೊದಲ ಆಯ್ಕೆಯಾಗಿರುತ್ತದೆ. ಆದರೆ ಹೆಚ್ಚಾಗಿ ಐವತ್ತರ ಆಸುಪಾಸಿನ ಮಹಿಳೆಯರಲ್ಲಿ ಕಾಣಿಸುವ, ರಕ್ತನಾಳದ ಗೋಡೆಯ ಪದರಗಳು ತಾವಾಗಿ ಬಿಟ್ಟುಕೊಂಡು ನಡುವೆ ರಕ್ತ ತುಂಬುವ ಈ ಸ್ಥಿತಿಯಲ್ಲಿ ಲೆಕ್ಕಾಚಾರವೇ ತಲೆಕೆಳಗಾಗುತ್ತದೆ.

ಸ್ಟೆಂಟ್ ಹಾಕಲು ಹೊರಟಾಗ ತಂತಿಯು ನಿಜವಾದ ಹಾದಿ ತಪ್ಪಿ ಪದರಗಳ ನಡುವಿನ ಸುಳ್ಳು ಹಾದಿಗೆ ನುಗ್ಗಬಹುದು, ಅಲ್ಲಿ ಬಲೂನು ಉಬ್ಬಿಸಿದರೆ ರಕ್ತದ ಹರಿವು ಪೂರ್ತಿ ನಿಲ್ಲಬಹುದು. ಹಾದಿ ಸರಿಯಾಗಿದ್ದರೂ, ಪೇಸ್ಟಿನ ಟ್ಯೂಬನ್ನು ನಡುವೆ ಅದುಮಿದಂತೆ, ಗೋಡೆಯೊಳಗಿನ ರಕ್ತ ಸ್ಟೆಂಟಿನ ಎರಡೂ ತುದಿಗಳಾಚೆ ಸರಿದು ಸೀಳನ್ನು ಉದ್ದವಾಗಿಸಬಹುದು. ಒಂದರಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಮೂರು ಸ್ಟೆಂಟ್ ಬೇಕಾಗುವುದು ಹೀಗೆಯೇ. ತಿಂಗಳುಗಳ ನಂತರ ಆ ರಕ್ತ ಹೀರಿಹೋಗಿ ನಾಳ ಮೊದಲಿನ ಅಗಲಕ್ಕೆ ಬಂದಾಗ, ಬಿಗಿಯಾಗಿದ್ದ ಸ್ಟೆಂಟ್ ಗೋಡೆಗೆ ತಾಗದೆ ಸಡಿಲವಾಗಿ ಉಳಿದು, ಹೆಪ್ಪುಗಟ್ಟುವ ಅಪಾಯ ತರಬಹುದು.

ಕಾಯುವ ದಾರಿಯಲ್ಲಿ ಬಹುಪಾಲು ಸೀಳುಗಳು ಕೆಲವು ವಾರ-ತಿಂಗಳುಗಳಲ್ಲಿ ತಾವೇ ಮಾಯುತ್ತವೆ. ಇದನ್ನು ಏನೂ ಮಾಡದೆ ಕೂರುವುದೆಂದು ಮನೆಯವರು ಭಾವಿಸುವುದುಂಟು, ಅದು ತಪ್ಪು: ಮೊದಲ ವಾರದಲ್ಲಿ ಕೆಲವರ ಸೀಳು ಮತ್ತೆ ಬೆಳೆಯುವುದರಿಂದ ಆಸ್ಪತ್ರೆಯಲ್ಲೇ ಕೆಲವು ದಿನ ನಿಗಾ ಬೇಕು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ 2018ರ ಹೇಳಿಕೆಯೂ ಸ್ಥಿರವಾಗಿರುವ ರೋಗಿಗೆ ಈ ದಾರಿಯನ್ನೇ ಸೂಚಿಸುತ್ತದೆ.

ಎದೆನೋವು ನಿಲ್ಲದಿದ್ದರೆ, ರಕ್ತದೊತ್ತಡ ಕುಸಿದರೆ, ಹೃದಯ ಬಡಿತ ಅಪಾಯಕರವಾಗಿ ತಪ್ಪಿದರೆ ಅಥವಾ ಎಡಬದಿಯ ಮುಖ್ಯ ನಾಳವೇ ಸೀಳಿದ್ದರೆ ಮಾತ್ರ ನನ್ನ ತಕ್ಕಡಿ ಸ್ಟೆಂಟ್ ಅಥವಾ ಬೈಪಾಸ್ ಕಡೆಗೆ ವಾಲುತ್ತದೆ. ಅವೆರಡರಲ್ಲಿ ಯಾವುದೆಂಬುದನ್ನು ಆಂಜಿಯೋಗ್ರಾಮ್ ನೋಡಿದ ವೈದ್ಯರೇ ನಿರ್ಧರಿಸಬೇಕು.