ನಮ್ಮ ಮನೆಯ ಜಿಮ್ ರೀವ್ಸ್‌ಗೆ ದನಿ ವಾಪಸ್ ಕೊಟ್ಟ ರಿಪೇರಿ ಅಂಗಡಿ

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಒಂದು ರಿಪೇರಿ ಅಂಗಡಿ ಇದೆ. ಬೋರ್ಡ್ ಇಲ್ಲ. ಬಾಗಿಲಲ್ಲಿ ಬಿಚ್ಚಿಟ್ಟ ಮಿಕ್ಸಿ, ಟೇಬಲ್ ಫ್ಯಾನು ಕಾಣಿಸುತ್ತವೆ. ಒಳಗೆ ಅಟ್ಟದ ತುಂಬಾ ಹಳೇ ರೇಡಿಯೋಗಳು. ಮನೆಯಲ್ಲಿ ಕೆಟ್ಟ ರೆಕಾರ್ಡ್ ಪ್ಲೇಯರ್ ಇಟ್ಟುಕೊಂಡು, ಯಾರ ಹತ್ರ ಹೋಗೋದು ಅಂತ ಗೊತ್ತಾಗದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸೂಟ್‌ಕೇಸ್ ಥರದ ಪ್ಲೇಯರ್. ಮುಚ್ಚಳದಲ್ಲೇ ಸ್ಪೀಕರ್ ಇದೆ. ಅಪ್ಪ 1972ರಲ್ಲಿ ಚಿನ್ನದ ಗಣಿಗೆ ಸೇರಿದವರು, ಟೈಮ್ ಆಫೀಸಿನಲ್ಲಿ ಗುಮಾಸ್ತರು. 1978ರಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಅಧಿಕಾರಿ ಆಸ್ಟ್ರೇಲಿಯಾಕ್ಕೆ ಹೊರಟಾಗ ಸಾಮಾನೆಲ್ಲ ಮಾರಿದರು. ಅಪ್ಪ ಪ್ಲೇಯರ್ ತಗೊಂಡರು. ಜೊತೆಗೆ ಆ ಮನೆಯವರು ಒಂದು ರೆಕಾರ್ಡ್ ಸುಮ್ನೆ ಕೊಟ್ಟರಂತೆ. ಅದೇ ಜಿಮ್ ರೀವ್ಸ್ ಅನ್ನೋ ಅಮೆರಿಕದ ಹಾಡುಗಾರನದು.

ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅಮ್ಮನಿಗೆ ಬರುತ್ತಲೇ ಇರಲಿಲ್ಲ. ಆದರೂ ಆ ರೆಕಾರ್ಡ್ ನಮ್ಮ ಮನೆಯಲ್ಲಿ ಇಷ್ಟು ವರ್ಷ ಉಳಿಯಿತು. ಅದಕ್ಕೆ ಕಾರಣ ಆತ ಹಾಡುವ ರೀತಿ ಅಂತ ನನಗೆ ಈಗ ಅನಿಸುತ್ತದೆ. ಕ್ವಾರ್ಟರ್ಸ್‌ನಲ್ಲಿ ಎರಡು ಮನೆಗೆ ಒಂದೇ ಗೋಡೆ. ಪಕ್ಕದವರು ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಿರುತ್ತಿದ್ದರು. ಜೋರಾಗಿ ಏನೂ ಹಾಕುವ ಹಾಗಿರಲಿಲ್ಲ. ಜಿಮ್ ರೀವ್ಸ್‌ನ ಎಷ್ಟು ಸಣ್ಣಗೆ ಇಟ್ಟರೂ ಪ್ರತಿ ಮಾತು ಕೇಳಿಸುತ್ತಿತ್ತು.

ಆತ ಮೊದಲಿಂದ ಹಾಗೆ ಹಾಡುತ್ತಿದ್ದವನಲ್ಲ. 1923ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿದವನು. ಬೇಸ್‌ಬಾಲ್ ಆಟಗಾರ ಆಗಬೇಕು ಅಂತ ಹೊರಟಿದ್ದ. ಕಾಲಿನ ನರಕ್ಕೆ ಪೆಟ್ಟು ಬಿದ್ದು ಆಟ ಬಿಡಬೇಕಾಯಿತು. ರೇಡಿಯೋ ಅನೌನ್ಸರ್ ಆದ. 1953ರಲ್ಲಿ ಮೊದಲ ದೊಡ್ಡ ಹಿಟ್ ಕೊಟ್ಟಾಗ ಗಂಟಲು ಬಿಟ್ಟು ಹಾಡುತ್ತಿದ್ದ. 1957ರಲ್ಲಿ 'ಫೋರ್ ವಾಲ್ಸ್' ಹಾಡುವಾಗ ದನಿ ಇಳಿಸಿ, ತುಟಿ ಮೈಕಿಗೆ ತಾಗುವಷ್ಟು ಹತ್ತಿರ ನಿಂತ. ನಿರ್ಮಾಪಕ ಚೆಟ್ ಆಟ್ಕಿನ್ಸ್ ಅದಕ್ಕೆ ಜಾಗ ಕೊಟ್ಟರು, ವಾದ್ಯಗಳನ್ನು ಹಿಂದೆ ಸರಿಸಿದರು. ಅಲ್ಲಿಂದ ಅದೇ ಆತನ ದನಿ ಆಯಿತು. ಫೋನಿನಲ್ಲಿ ಪ್ರೀತಿಸಿದವಳ ಜೊತೆ ಮಾತಾಡುವ 'ಹೀಲ್ ಹ್ಯಾವ್ ಟು ಗೋ' 1960ರಲ್ಲಿ ಅಮೆರಿಕದ ಕಂಟ್ರಿ, ಅಂದರೆ ಅಲ್ಲಿನ ಹಳ್ಳಿಗಾಡಿನ ಶೈಲಿಯ ಹಾಡುಗಳ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿತ್ತು. ನಮ್ಮ ರೆಕಾರ್ಡಿನಲ್ಲಿ ಅತಿ ಜಾಸ್ತಿ ಸವೆದಿರುವುದೂ ಅದೇ ಹಾಡು.

ಈಗ ರಿಪೇರಿ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಪ್ಲೇಯರ್ ಹಾಡನ್ನು ತೀರಾ ಎಳೆಯತೊಡಗಿತು. ಬೆಂಗಳೂರಿನ ಒಂದು ಅಂಗಡಿಗೆ ಕೊಟ್ಟೆ. ಅವರು ಮುಳ್ಳು ಮಾತ್ರ ಬದಲಿಸಿ 2,200 ರೂಪಾಯಿ ತಗೊಂಡರು. ಮನೆಗೆ ತಂದರೆ ಅದೇ ಕಥೆ. ಕೇಳಿದರೆ 'ಹಳೇದು ಮೇಡಂ, ಇಷ್ಟೇ' ಅಂದರು. ನನಗೆ ನಿಜಕ್ಕೂ ಅಳು ಬಂತು.

ರಾಬರ್ಟ್‌ಸನ್‌ಪೇಟೆಯ ಅಂಗಡಿಯ ಅಣ್ಣ ಪ್ಲೇಯರ್ ನೋಡಿದ ತಕ್ಷಣ ರೆಕಾರ್ಡ್ ಕೂರುವ ತಟ್ಟೆ ಎತ್ತಿದರು. ಕೆಳಗೆ ಮೋಟರಿಗೂ ತಟ್ಟೆಗೂ ನಡುವೆ ಒಂದು ಸಣ್ಣ ರಬ್ಬರ್ ಚಕ್ರ. ಅದನ್ನು ನನ್ನ ಕೈಗೆ ಕೊಟ್ಟು, 'ಉಗುರಲ್ಲಿ ಒತ್ತಿ ನೋಡಮ್ಮ' ಅಂದರು. ಒತ್ತಿದೆ. ಕಲ್ಲಿನ ಹಾಗಿತ್ತು, ಉಗುರಿನ ಗುರುತೇ ಬೀಳಲಿಲ್ಲ. ರಬ್ಬರ್ ಗಟ್ಟಿಯಾಗಿ ಹಿಡಿತ ತಪ್ಪಿದೆ, ಅದಕ್ಕೇ ತಟ್ಟೆ ನಿಧಾನ, ತಟ್ಟೆ ನಿಧಾನ ಆದರೆ ಹಾಡೂ ಉದ್ದ, ದನಿಯೂ ದಪ್ಪ. 'ಇದು ಇವತ್ತು ಆಗಿದ್ದಲ್ಲ, ವರ್ಷಗಟ್ಟಲೆಯಿಂದ ಆಗ್ತಾ ಬಂದಿದೆ' ಅಂದರು. ನಾವು ಯಾರೂ ಗಮನಿಸಿರಲಿಲ್ಲ!

ಎರಡು ವಾರ ಅಂದಿದ್ದು ಐದು ವಾರ ಆಯಿತು. ಇದನ್ನು ಹೇಳಲೇಬೇಕು. ಮಧ್ಯಾಹ್ನ ಫೋನ್ ಎತ್ತುವುದಿಲ್ಲ. ಬಂಗಾರಪೇಟೆಯಿಂದ ಎರಡು ಸಲ ಸುಮ್ನೆ ಹೋಗಿ ಬಂದೆ. ಆದರೆ ಕೊನೆಗೆ ಹೋದ ದಿನ ಅವರು ಮಾಡಿ ತೋರಿಸಿದ್ದನ್ನು ನಾನು ಮರೆಯುವುದಿಲ್ಲ.

ಚಕ್ರಕ್ಕೆ ಹೊಸ ರಬ್ಬರ್ ಹಾಕಿಸಿದ್ದರು, ಮೋಟರ್ ತೊಳೆದು ಎಣ್ಣೆ ಬಿಟ್ಟಿದ್ದರು. ಆಮೇಲೆ ತಟ್ಟೆಯ ಮೇಲೆ ಒಂದು ದುಂಡನೆಯ ಕಾಗದ ಇಟ್ಟರು. ಅದರ ಸುತ್ತ 180 ಕಪ್ಪು ಗೆರೆ. ಮೇಲೆ ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಹಚ್ಚಿದರು. ನಮ್ಮ ಕರೆಂಟಿನಲ್ಲಿ ಆ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ತಟ್ಟೆ ನಿಮಿಷಕ್ಕೆ ಸರಿಯಾಗಿ 33 ಚಿಲ್ಲರೆ ಸುತ್ತು ಹಾಕಿದರೆ ತಿರುಗುತ್ತಿರುವ ಗೆರೆಗಳು ನಿಂತ ಹಾಗೆ ಕಾಣುತ್ತವೆ. ಮೊದಲು ಗೆರೆಗಳು ಮೆಲ್ಲಗೆ ಹಿಂದಕ್ಕೆ ಜಾರುತ್ತಿದ್ದವು. ಅಣ್ಣ ಒಂದು ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿದರು. ಗೆರೆಗಳು ನಿಂತವು. ಮೂರು ನಿಮಿಷ ಹಾಗೇ ಕಾದು ನೋಡಿ, ಆಮೇಲೆ 'ತಗೊಂಡು ಹೋಗಮ್ಮ' ಅಂದರು.

ಒಟ್ಟು 1,450 ರೂಪಾಯಿ. ಬಿಲ್ ಇಲ್ಲ. ತೆಗೆದ ಹಳೇ ರಬ್ಬರನ್ನು ಕಾಗದದಲ್ಲಿ ಸುತ್ತಿ ಕೊಟ್ಟರು.

ಆ ಸಂಜೆ ಮನೆಯಲ್ಲಿ ರೆಕಾರ್ಡ್ ಹಾಕಿದೆ. 'ಹೀಲ್ ಹ್ಯಾವ್ ಟು ಗೋ' ಎರಡೂಕಾಲು ನಿಮಿಷದ ಆಸುಪಾಸಿನ ಹಾಡು. ನಮ್ಮ ಮನೆಯಲ್ಲಿ ಎರಡೂವರೆ ನಿಮಿಷಕ್ಕೂ ಮೀರಿ ಓಡುತ್ತಿತ್ತು. ಅಮ್ಮ ಅಡುಗೆಮನೆಯಿಂದ ಬಂದು ನಿಂತರು. 'ಇದ್ಯಾರೇ ಹಾಡ್ತಿರೋದು? ಅವನಲ್ಲ ಬಿಡು' ಅಂದರು. ನನಗೂ ಹಾಗೇ ಅನಿಸಿತು. ನಾನು ಕೇಳಿ ಬೆಳೆದ ದನಿ ವಯಸ್ಸಾದವರದ್ದು. ಇದು ಮೂವತ್ತೈದು, ಮೂವತ್ತಾರರ ಗಂಡಸಿನ ದನಿ. ಹಾಡಿದಾಗ ಆತನಿಗೆ ಅಷ್ಟೇ ವಯಸ್ಸಾಗಿತ್ತು. ಜಾಸ್ತಿ ವಯಸ್ಸಾಗಲೇ ಇಲ್ಲ. 1964ರ ಜುಲೈ 31ರಂದು ಬಿರುಗಾಳಿ ಮಳೆಯಲ್ಲಿ, ತಾನೇ ನಡೆಸುತ್ತಿದ್ದ ಸಣ್ಣ ವಿಮಾನ ನ್ಯಾಶ್‌ವಿಲ್ ಹತ್ತಿರ ಬಿದ್ದು ತೀರಿಕೊಂಡ. ಆಗ 40 ವರ್ಷ. ಆತ ರೆಕಾರ್ಡ್ ಮಾಡಿಟ್ಟಿದ್ದ ಹಾಡುಗಳನ್ನು ಹೆಂಡತಿ ಮೇರಿ ಒಂದೊಂದಾಗಿ ಹೊರತಂದರು. 1966ರಲ್ಲಿ, ತೀರಿಹೋದ ಎರಡು ವರ್ಷಕ್ಕೆ, 'ಡಿಸ್ಟಂಟ್ ಡ್ರಮ್ಸ್' ಬ್ರಿಟನ್ನಿನಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ನಮ್ಮಪ್ಪ ಎಷ್ಟೋ ವರ್ಷ ಆತ ಬದುಕಿದ್ದಾನೆ ಅಂತಲೇ ತಿಳಿದಿದ್ದರು.

ಹಾಡು ಮುಗಿಯಿತು. ಅಮ್ಮ ಇನ್ನೊಂದು ಸಲ ಹಾಕು ಅಂದರು. ಎರಡನೇ ಸಲ ಕುರ್ಚಿ ಎಳೆದುಕೊಂಡು ಕೂತರು. ಮೂರನೇ ಸಲ, 'ತಂದ ಹೊಸದರಲ್ಲಿ ಹೀಗೇ ಇತ್ತು ಕಣೇ. ನಿಮ್ಮಪ್ಪ ಕೆಲಸದಿಂದ ಬಂದು ಶೂ ಬಿಚ್ಚೋಕೂ ಮುಂಚೆ ಇದನ್ನ ಹಾಕೋರು. ನೀನಾಗ ತೊಟ್ಟಿಲಲ್ಲಿದ್ದೆ' ಅಂದರು.

2001ರಲ್ಲಿ ಗಣಿ ಮುಚ್ಚಿತು, ಕ್ವಾರ್ಟರ್ಸ್ ಬಿಟ್ಟು ಬಂದೆವು, ಅಪ್ಪನೂ ಈಗಿಲ್ಲ. ಈ ಐದು ವಾರದ ಕಾಯುವಿಕೆ ನನಗೆ ಒಂದು ಲೆಕ್ಕವೇ ಅಲ್ಲ.

ಹೋಗುವವರಿಗೆ: ಬೆಳಿಗ್ಗೆ ಹತ್ತೂವರೆಯಿಂದ ಒಂದು ಗಂಟೆಯೊಳಗೆ ಹೋಗಿ. ಪ್ಲೇಯರ್ ಜೊತೆ ನಿಮಗೆ ಚೆನ್ನಾಗಿ ಪರಿಚಯ ಇರುವ ಒಂದು ರೆಕಾರ್ಡನ್ನೂ ಒಯ್ಯಿರಿ, ಅವರು ಅದನ್ನೇ ಹಾಕಿ ನೋಡುತ್ತಾರೆ. ರೆಕಾರ್ಡಿನ ಹಾಡನ್ನು ಪೆನ್‌ಡ್ರೈವ್‌ಗೂ ಹಾಕಿಕೊಡುತ್ತಾರೆ, ಒಂದು ಮಗ್ಗುಲಿಗೆ 150 ರೂಪಾಯಿ. ಚರಚರ ಸದ್ದು ತೆಗೆಯಬೇಡಿ ಅಂತ ನಾನು ಮೊದಲೇ ಹೇಳಿದ್ದೆ, ತೆಗೆದಿಲ್ಲ. ಹೊಸೂರಿನಲ್ಲಿರುವ ತಮ್ಮನಿಗೆ ಒಂದು ಕಾಪಿ ಕಳಿಸಿದ್ದೇನೆ.