ಮೂರು ಕಡೆ ತಂದ ಪಾಸ್ತಾ, ಮೂರು ಕಡೆ ಆಗದೇ ಹೋದ ಜಗಳ

ನಮ್ಮನೇಲಿ ಪಾಸ್ತಾನ ಊಟ ಅಂತ ಯಾರೂ ಒಪ್ಪಲ್ಲ ಕಣ್ರೀ. ತಟ್ಟೇಲಿ ಅನ್ನ, ತಿಳಿಸಾರು, ಪಕ್ಕದಲ್ಲಿ ಪಲ್ಯ ಇರ್ಬೇಕಾದ ಜಾಗದಲ್ಲಿ ಎರಡು ಸೌಟು ಪಾಸ್ತಾ, ಹಾಗೆ ಬಡಿಸಿದ್ರೆ ಮಾತ್ರ ಖರ್ಚಾಗುತ್ತೆ. ಇದಕ್ಕೇ ಅಂತ ಎರಡು ತಿಂಗಳಲ್ಲಿ ಮೂರು ಕಡೆಯಿಂದ ಪಾಸ್ತಾ ತಂದೆ. ಒಂದು ಕುವೆಂಪುನಗರದಲ್ಲಿ ನಮ್ಮ ರಸ್ತೆ ಕೊನೇಲಿರೋ ದಿನಸಿ ಅಂಗಡಿ, ಒಂದು ದೊಡ್ಡ ಸೂಪರ್‌ಮಾರ್ಕೆಟ್ಟು, ಇನ್ನೊಂದು ಮೊಬೈಲಲ್ಲಿ ಒತ್ತಿದ್ರೆ ಮನೆಗೆ ತಂದ್ಕೊಡೋ ಆ್ಯಪ್. ಮೂರರಲ್ಲೂ ಒಂದೊಂದು ಎಡವಟ್ಟಾಯ್ತು, ಮೂರು ಸಲನೂ ಸೊಂಟಕ್ಕೆ ಸೆರಗು ಸಿಗಿಸ್ಕೊಂಡು ಜಗಳಕ್ಕೆ ರೆಡಿಯಾಗಿದ್ದೆ, ಒಂದು ಸಲನೂ ಜಗಳ ಆಗ್ಲಿಲ್ಲ.

ಮೊದ್ಲು ಬೇಯಿಸಿದ ಕಥೆ ಹೇಳ್ತೀನಿ. ಅದೇ ಪಾತ್ರೆ, ಅದೇ ಒಲೆ, 100 ಗ್ರಾಂ ಪಾಸ್ತಾಗೆ 1 ಲೀಟರ್ ನೀರು, 10 ಗ್ರಾಂ ಉಪ್ಪು (ಇದು ಇಟಲಿಯವರ ಲೆಕ್ಕ, ನಮ್ಮ ಉಪ್ಪಿನ ಕೈಗೆ ಸರಿಯಾಗೇ ಇದೆ). ದಿನಸಿ ಅಂಗಡಿಯ ಲೂಸ್ ಮ್ಯಾಕರೋನಿ ಏಳನೇ ನಿಮಿಷಕ್ಕೇ ಬಾಯ್ಬಿಟ್ಕೊಂಡು ಒಂದಕ್ಕೊಂದು ಅಂಟ್ಕೊಂಡು, ನೀರು ಥೇಟ್ ಗಂಜಿ. ಸೂಪರ್‌ಮಾರ್ಕೆಟ್ಟಿನ ತಿರುಪಿನ ಪಾಸ್ತಾ ಪರವಾಗಿಲ್ಲ, ಆರಿದ್ಮೇಲೆ ಸ್ವಲ್ಪ ಹಿಟ್ಟು ಹಿಟ್ಟು. ಆ್ಯಪಲ್ಲಿ ಬಂದದ್ದು ಇಟಲೀದು, ಪೆನ್ನೆ ಅನ್ನೋ ಕೊಳವೆ ಪಾಸ್ತಾ, 11 ನಿಮಿಷ ಕುದ್ಮೇಲೆ ಒಂದನ್ನ ಕತ್ತರಿಸಿ ನೋಡಿದ್ರೆ ಕೊಳವೆ ಗೋಡೆ ಒಳಗೆ ದಾರದಷ್ಟು ಸಣ್ಣ ಬಿಳಿ ಗೆರೆ ಕಾಣುತ್ತೆ, ಆಗಲೇ ಇಳಿಸ್ಬೇಕು. ನಮ್ಮತ್ತೆ ಮಂಡ್ಯದವರು, ಒಂದು ಬಾಯಿಗೆ ಹಾಕ್ಕೊಂಡು "ಇದ್ಯಾಕವ್ವ, ಬೆಂದೇ ಇಲ್ವಲ್ಲ" ಅಂದ್ರು. ಅವರಿಗೆ ಗಂಜಿ ಆಗಿದ್ದೇ ಇಷ್ಟ ಆಯ್ತು, ಅದನ್ನೂ ಹೇಳಿಬಿಡ್ತೀನಿ.

ವ್ಯತ್ಯಾಸ ಎಲ್ಲಾ ಹಿಟ್ಟಿಂದು. ಒಳ್ಳೆ ಪಾಸ್ತಾ ಮಾಡೋದು ಡ್ಯೂರಮ್ ಗೋಧಿ ರವೆಯಿಂದ, ನಾವು ಉಪ್ಪಿಟ್ಟಿಗೆ ತರೋ ಬನ್ಸಿ ರವೆನೂ ಅದೇ ಜಾತಿ ಗೋಧೀದು, ಗಟ್ಟಿ ಕಾಳು, ಸ್ವಲ್ಪ ಹಳದಿ. ಮೈದಾದಲ್ಲಿ ಮಾಡಿದ್ರೆ ಪಿಷ್ಟ ಹಿಡಿದಿಟ್ಕೊಳೋ ಶಕ್ತಿ ಕಮ್ಮಿ, ಎಲ್ಲಾ ನೀರಿಗೆ ಬಿಟ್ಬಿಡುತ್ತೆ. ಪ್ಯಾಕೆಟ್ ಹಿಂದೆ ಏನೇನು ಹಾಕಿದೀವಿ ಅಂತ ಬರ್ದಿರ್ತಾರೆ, ಮುಂದಿರೋ ಬಣ್ಣದ ಚಿತ್ರ ಬಿಟ್ಟು ಅದನ್ನ ಓದಿ.

ಈಗ ಎಡವಟ್ಟುಗಳು. ಆ್ಯಪಿಂದ ಬಂದ ಡಬ್ಬ ಒಂದು ಮೂಲೇಲಿ ಬಿಚ್ಕೊಂಡಿತ್ತು, ಹತ್ತಿಪ್ಪತ್ತು ಪೆನ್ನೆ ಚೀಲದೊಳಗೆ ಉದುರಿತ್ತು. ಫೋಟೋ ತೆಗ್ದು ಹಾಕಿದೆ, ಎರಡೇ ನಿಮಿಷಕ್ಕೆ ಪೂರ್ತಿ ದುಡ್ಡು ವಾಪಸ್, ಡಬ್ಬ ನೀವೇ ಇಟ್ಕೊಳಿ ಅಂತ ಮೆಸೇಜು. ಥ್ಯಾಂಕ್ಸ್ ಹೇಳೋಣ ಅಂದ್ರೆ ಅಲ್ಲಿ ಮನುಷ್ಯರೇ ಇಲ್ಲ. ಅಷ್ಟೇ ಅದರ ಕಥೆ.

ಸೂಪರ್‌ಮಾರ್ಕೆಟ್ಟಿಂದ ತಂದ ಪ್ಯಾಕೆಟ್ಟಲ್ಲಿ ಹುಳ. ತಿರುಪಿನ ಸಂದೀಲಿ ಕೂತ್ಕೊಂಡು ಮೀಸೆ ಆಡಿಸ್ತಿದೆ! ಬಿಲ್ ಕಸದ ಗಾಡಿಗೆ ಹೋಗಿತ್ತು. ಮಗಳು "ಅಮ್ಮ, 1915ಕ್ಕೆ ಫೋನ್ ಮಾಡು, ಗ್ರಾಹಕರ ಸಹಾಯವಾಣಿ" ಅಂತ ಶುರು ಹಚ್ಕೊಂಡ್ಲು, ಇರಮ್ಮ ಮೊದ್ಲು ಅಂಗಡಿಗೆ ಹೋಗಿ ಕೇಳೋಣ ಅಂದೆ. ಕೌಂಟರಲ್ಲಿದ್ದ ಹುಡುಗಿಗೆ ಇಪ್ಪತ್ತೆರಡು ವರ್ಷ ಇರಬಹುದು. "ಮೇಡಂ ನಿಮ್ಮ ನಂಬರ್ ಹೇಳಿ" ಅಂತ ಕೇಳಿ ಬಿಲ್ ಹುಡುಕಿ ದುಡ್ಡು ಎಣಿಸಿ ಕೊಟ್ಲು, ಅಲ್ಲಿಗೆ ನಾನು ಹೊರಟಿದ್ದೆ. ಹಿಂತಿರುಗಿ ನೋಡಿದ್ರೆ ಅವಳು ಶೆಲ್ಫ್ ಮುಂದೆ ಕುಕ್ಕರುಗಾಲಲ್ಲಿ ಕೂತ್ಕೊಂಡು, ಅದೇ ಬ್ಯಾಚ್ ನಂಬರ್ ಇರೋ ಪ್ಯಾಕೆಟ್ಟುಗಳನ್ನ ಒಂದೊಂದಾಗಿ ನೋಡಿ ಬುಟ್ಟಿಗೆ ಹಾಕ್ತಾ ಇದಾಳೆ. ಯಾರೂ ಹೇಳಿರ್ಲಿಲ್ಲ ಅವಳಿಗೆ. ನನಗೆ ದುಡ್ಡು ವಾಪಸ್ ಬಂದಿದ್ದಕ್ಕಿಂತ ಅದು ಖುಷಿ ಆಯ್ತು.

ದಿನಸಿ ಅಂಗಡೀಲಿ ನಾನು ದೂರೇ ಹೇಳಿರ್ಲಿಲ್ಲ, ಲೂಸ್ ಸಾಮಾನು, ಕಾಲು ಕೆಜಿ, ಏನಂತ ಹೇಳೋದು. ಬೆಲ್ಲ ತರೋಕೆ ಹೋದಾಗ ಅಂಗಡಿ ಅಣ್ಣನೇ ಕೇಳಿದ್ರು, "ಅಕ್ಕ, ಆ ಮ್ಯಾಕರೋನಿ ಹೆಂಗಿತ್ತು?" ಗಂಜಿ ಆಯ್ತಣ್ಣ ಅಂದೆ. ಮುಖ ಸಪ್ಪಗೆ ಮಾಡ್ಕೊಂಡು ಸುಮ್ನಾದ್ರು. ಮುಂದಿನ ವಾರ ನಮ್ಮ ದೇಶದಲ್ಲೇ ಮಾಡಿರೋ ಡ್ಯೂರಮ್ ಪಾಸ್ತಾ ತರಿಸಿ, ಪ್ಯಾಕೆಟ್ ಮೇಲೆ ಪೆನ್ನಲ್ಲಿ ನಮ್ಮ ಮನೆ ನಂಬರ್ ಬರ್ದು ಎತ್ತಿಟ್ಟಿದ್ರು. "ಒಯ್ದು ಮಾಡಿ ನೋಡಿ, ಚೆನ್ನಾಗಿದ್ರೆ ದುಡ್ಡು ಕೊಡಿ." ಮಾಡಿದೆ, ಇಟಲೀದಕ್ಕೂ ಅದಕ್ಕೂ ನನ್ನ ನಾಲಿಗೆಗೆ ದೊಡ್ಡ ವ್ಯತ್ಯಾಸ ತಿಳೀಲಿಲ್ಲ, ಬೆಲೆ ಮಾತ್ರ ಅರ್ಧಕ್ಕಿಂತ ಕಮ್ಮಿ. ಈಗ ಅದೇ ತರೋದು. ಅವಸರಕ್ಕೆ ಆ್ಯಪ್ ಇದೆ, ಇಲ್ಲ ಅನ್ನಲ್ಲ.

ಪಕ್ಕಕ್ಕೆ ಹಾಕ್ಕೊಳೋ ಪಾಸ್ತಾ ಹೀಗೆ ಮಾಡ್ತೀನಿ. 100 ಗ್ರಾಂ ಬೇಯಿಸೋಕಿಟ್ಟು, ಅದು ಬೇಯೋ ಹೊತ್ತಿಗೆ ಆರು ಎಸಳು ಬೆಳ್ಳುಳ್ಳಿ ತೆಳ್ಳಗೆ ಹೆಚ್ಚಿ, ಎರಡು ಚಮಚ ಕಡಲೆಕಾಯಿ ಎಣ್ಣೇಲಿ ಸಣ್ಣ ಉರೀಲಿ ಬಿಡಿ, ಎರಡು ಬ್ಯಾಡಗಿ ಮೆಣಸಿನಕಾಯಿ ಮುರ್ದು ಹಾಕಿ. ಬೆಳ್ಳುಳ್ಳಿ ಅಂಚು ಹೊಂಬಣ್ಣ ಆದ ತಕ್ಷಣ ಪಾಸ್ತಾ, ಜೊತೆಗೆ ಅದು ಬೆಂದ ನೀರು ಒಂದು ಸಣ್ಣ ಸೌಟು. ಈ ನೀರು ಚೆಲ್ಬೇಡಿ, ಅದರಲ್ಲಿರೋ ಪಿಷ್ಟದಿಂದಾನೇ ಎಣ್ಣೆ ನೀರು ಎರಡೂ ಕೂಡ್ಕೊಂಡು ಪಾಸ್ತಾಗೆ ಮೆತ್ಕೊಳೋದು. ಉಪ್ಪು ಮತ್ತೆ ಬೇಡ. ಕೊನೇಗೆ ಅರ್ಧ ನಿಂಬೆಹಣ್ಣು, ಮೇಲೆ ಚೀಸ್ ಬದಲು ಒಂದು ಚಮಚ ಚಟ್ನಿಪುಡಿ. ಇಟಲಿಯವರು ಬೈಕೊಂಡ್ರೆ ಬೈಕೊಳ್ಲಿ, ತಿಳಿಸಾರು ಅನ್ನದ ಜೊತೆ ಇದು ಹೊಂದ್ಕೊಳುತ್ತೆ.

ಮೊನ್ನೆ ಅಂಗಡಿಗೆ ಹೋದ್ರೆ ಅಣ್ಣ ಕೌಂಟರಿಂದ ಈಚೆ ಬಂದು ಮೆಲ್ಲಗೆ ಕೇಳಿದ್ರು, "ಅಕ್ಕ, ನಮ್ಮನೇಲೂ ಮಾಡಿದ್ರು, ಬೆಳ್ಳುಳ್ಳಿ ಸೀದೋಗಿ ಎಲ್ಲಾ ಕಹಿ. ಎಲ್ಲಿ ತಪ್ಪಾಗಿರ್ಬೋದು?" ಎಣ್ಣೆ ಕಾಯೋಕ್ ಮುಂಚೇನೇ ಬೆಳ್ಳುಳ್ಳಿ ಹಾಕೋಕ್ ಹೇಳಿ ಅಂದೆ.