ಸೊಂಟಕ್ಕೆ ಕಟ್ಟುವ ಮಧುಮೇಹದ ಚೀಲ: ಬಳಸಿ ನೋಡಿದ ಮೇಲೆ

ದಿನಕ್ಕೆ ಹಲವು ಬಾರಿ ಇನ್ಸುಲಿನ್ ಚುಚ್ಚಿಕೊಳ್ಳಬೇಕಾದ ಗಂಡಸು ಮನೆಯಿಂದ ಹೊರಡುವಾಗ ಜೊತೆಗಿರಬೇಕಾದ ಸಾಮಾನುಗಳನ್ನು ಮೇಜಿನ ಮೇಲೆ ಹರಡಿ ನೋಡಿದರೆ, ಅವು ಅಂಗಿ ಮತ್ತು ಪ್ಯಾಂಟಿನ ಜೇಬುಗಳಲ್ಲಿ ಹಿಡಿಸುವಂಥವಲ್ಲ ಎಂಬುದು ತಕ್ಷಣ ತಿಳಿಯುತ್ತದೆ. ಇನ್ಸುಲಿನ್ ಪೆನ್ನು, ಅದಕ್ಕೆ ಸಿಕ್ಕಿಸುವ ಸೂಜಿಗಳು, ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್, ಅದಕ್ಕೆ ಹಾಕುವ ಸ್ಟ್ರಿಪ್‌ಗಳ ಡಬ್ಬಿ, ಬೆರಳು ಚುಚ್ಚುವ ಸಾಧನ, ಅದರ ಸಣ್ಣ ಸೂಜಿಗಳಾದ ಲ್ಯಾನ್ಸೆಟ್‌ಗಳು, ಸಕ್ಕರೆ ಇಳಿದಾಗ ಬಾಯಿಗೆ ಹಾಕಿಕೊಳ್ಳಲು ಗ್ಲುಕೋಸ್ ಮಾತ್ರೆಗಳು, ಇಷ್ಟಂತೂ ಬೇಕೇ ಬೇಕು. ಜೇಬುಗಳಲ್ಲಿ ಫೋನು, ಪರ್ಸು ಮತ್ತು ಕೀಲಿಗಳು ಮೊದಲೇ ಜಾಗ ಹಿಡಿದಿರುತ್ತವೆ. ಕೈಚೀಲ ಹಿಡಿದು ಓಡಾಡುವ ರೂಢಿ ಗಂಡಸರಲ್ಲಿ ಕಡಿಮೆಯಾದ್ದರಿಂದ, ಸಾಮಾನೆಲ್ಲ ಕೆಲಸದ ಮೇಜಿನ ಡ್ರಾಯರಿನಲ್ಲೋ ವಾಹನದಲ್ಲೋ ಉಳಿದುಬಿಡುತ್ತದೆ. ಬೇಕಾದ ಹೊತ್ತಿಗೆ ಅದು ಕೈಗೆ ಸಿಗುವುದಿಲ್ಲ, ಪರೀಕ್ಷೆಯನ್ನು ಮುಂದೂಡುವುದು ಅಭ್ಯಾಸವಾಗುತ್ತದೆ, ಕೆಲವೊಮ್ಮೆ ಡೋಸ್ ಕೂಡ ತಪ್ಪುತ್ತದೆ.

ಈ ತೊಡಕಿಗೆ ಪರಿಹಾರವೆಂದು ಮಾರಾಟವಾಗುವ, ಸೊಂಟಕ್ಕೆ ಅಡ್ಡಲಾಗಿ ಕಟ್ಟಿಕೊಳ್ಳುವ ತೆಳುವಾದ ಬಟ್ಟೆಯ ಚೀಲವೊಂದನ್ನು ನಾನು ಬಹುಕಾಲದಿಂದ ಬಳಸುತ್ತಿದ್ದೇನೆ. ಇದೇ ವಿನ್ಯಾಸದ ಚೀಲಗಳು ಬೇರೆಬೇರೆ ಹೆಸರುಗಳಲ್ಲಿ ಸಿಗುವುದರಿಂದ, ತಯಾರಕರ ಹೆಸರನ್ನು ಬಿಟ್ಟು ವಿನ್ಯಾಸದ ಗುಣದೋಷಗಳನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಮುಚ್ಚಳ ಹಾಕಿದ ಇನ್ಸುಲಿನ್ ಪೆನ್ನು ಸಾಮಾನ್ಯವಾಗಿ 16–17 ಸೆಂಟಿಮೀಟರ್ ಉದ್ದವಿರುತ್ತದೆ. 1985ರಲ್ಲಿ ನೋವೋಪೆನ್ ಎಂಬ ಇನ್ಸುಲಿನ್ ಪೆನ್ನು ಬಂದಾಗ, ಸಿರಿಂಜು ಮತ್ತು ಔಷಧದ ಸೀಸೆಯನ್ನು ಬೇರೆಬೇರೆಯಾಗಿ ಹೊತ್ತೊಯ್ಯುತ್ತಿದ್ದವರಿಗೆ ಅಂಗಿಯ ಜೇಬಿಗೆ ಸಿಕ್ಕಿಸಬಹುದಾದ ಸಾಧನವೊಂದು ದೊರೆತದ್ದು ನಿಜವಾಗಿಯೂ ದೊಡ್ಡ ಅನುಕೂಲವಾಗಿತ್ತು. ಆದರೆ ಅಂಗಿಯ ಜೇಬಿನಲ್ಲಿಟ್ಟ ಪೆನ್ನು ಬಗ್ಗಿದಾಗ ಜಾರಿ ಬೀಳುತ್ತದೆ. ಪ್ಯಾಂಟಿನ ಹಿಂದಿನ ಜೇಬಿನಲ್ಲಿಟ್ಟರೆ ಕುಳಿತಾಗ ಅದರ ಮೇಲೆ ಮೈಭಾರ ಬಿದ್ದು ಔಷಧ ತುಂಬಿದ ಒಳಗಿನ ಗಾಜಿನ ಕೊಳವೆ (ಕಾರ್ಟ್ರಿಜ್) ಬಿರುಕು ಬಿಡುವ ಅಪಾಯವಿದೆ. ಒಂದು ಕಾರ್ಟ್ರಿಜ್‌ನಲ್ಲಿ 3 ಮಿಲಿಲೀಟರ್, ಅಂದರೆ ಸಾಮಾನ್ಯ ಸಾಂದ್ರತೆಯಲ್ಲಿ 300 ಯೂನಿಟ್ ಇನ್ಸುಲಿನ್ ಇರುವುದರಿಂದ, ಅದು ಒಡೆದರೆ ಹಲವು ದಿನಗಳ ಔಷಧವೇ ಕೈತಪ್ಪಿ ಹೋಗುತ್ತದೆ. ಈ ಚೀಲದಲ್ಲಿ ಪೆನ್ನು ಹೊಟ್ಟೆಯ ಮೇಲೆ ಅಡ್ಡಲಾಗಿ, ಎರಡು ಎಲಾಸ್ಟಿಕ್ ಪಟ್ಟಿಗಳ ನಡುವೆ ಮಲಗಿರುತ್ತದೆ. ಕುಳಿತರೂ ಬಗ್ಗಿದರೂ ಅದಕ್ಕೆ ಒತ್ತಡ ತಾಗದು.

ಚೀಲದ ನಿಜವಾದ ಪರೀಕ್ಷೆ ನಡೆಯುವುದು ಸಕ್ಕರೆ ಇಳಿದಾಗ. ರಕ್ತದಲ್ಲಿನ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದಾಗ ಕೈ ನಡುಗುತ್ತದೆ, ಬೆವರು ಹರಿಯುತ್ತದೆ, ಕಣ್ಣು ಮಂಜಾಗುತ್ತದೆ. 54ಕ್ಕಿಂತ ಕೆಳಗೆ ಹೋದರೆ ಯೋಚಿಸುವ ಶಕ್ತಿಯೇ ಕುಂದುತ್ತದೆ. ಅಂಥ ಹೊತ್ತಿನಲ್ಲಿ ಸಣ್ಣ ಲೋಹದ ಜಿಪ್ಪಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆಯುವುದು ಎಷ್ಟು ಕಷ್ಟವೆಂಬುದು ಅನುಭವಿಸಿದವರಿಗೆ ಗೊತ್ತು. ಈ ಚೀಲದ ಮುಖ್ಯ ಜಿಪ್ಪಿಗೆ ಬೆರಳು ತೂರುವಷ್ಟು ದೊಡ್ಡ ಬಟ್ಟೆಯ ಕುಣಿಕೆಯನ್ನು ಹೊಲಿದಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ಗ್ಲುಕೋಸ್ ಮಾತ್ರೆಗಳಿಗೆಂದೇ ಹೊರಬದಿಯಲ್ಲಿ ಒಂದು ಪ್ರತ್ಯೇಕ ಜೇಬಿದೆ, ಅದಕ್ಕೆ ಜಿಪ್ಪಿನ ಬದಲು ವೆಲ್ಕ್ರೋ ಮುಚ್ಚಳವಿದೆ. ಕಣ್ಣು ಮುಚ್ಚಿ, ಒಂದೇ ಕೈಯಿಂದ, ಅಂಗಿಯ ಕೆಳಗೆ ಕೈ ಹಾಕಿ ಅದನ್ನು ತೆರೆಯಬಹುದು. ಇದರ ವಿನ್ಯಾಸ ಮಾಡಿದವರು ಮಧುಮೇಹಿಗಳ ಮಾತನ್ನು ಕೇಳಿಸಿಕೊಂಡಿದ್ದಾರೆ ಎಂದು ನನಗೆ ಅನ್ನಿಸಿದ್ದು ಈ ಒಂದು ಜೇಬಿನಿಂದಲೇ.

ಪ್ರತ್ಯೇಕ ಜೇಬಿನಿಂದ ಇನ್ನೊಂದು ಉಪಕಾರವೂ ಇದೆ. ಗ್ಲುಕೋಸ್ ಮಾತ್ರೆಗಳು ಒಂದಕ್ಕೊಂದು ಉಜ್ಜಿ ಬಿಳಿಯ ಪುಡಿ ಉದುರಿಸುತ್ತವೆ. ಮಾತ್ರೆ ಮತ್ತು ಮೀಟರ್ ಒಂದೇ ಅರೆಯಲ್ಲಿದ್ದರೆ ಆ ಪುಡಿ ಬೆರಳಿಗೂ ಸ್ಟ್ರಿಪ್ಪಿಗೂ ಅಂಟುತ್ತದೆ, ಬೆರಳ ತುದಿಯ ರಕ್ತದ ಹನಿಯೊಂದಿಗೆ ಅದು ಬೆರೆತರೆ ಮೀಟರ್ ಇಲ್ಲದ ಸಕ್ಕರೆಯನ್ನು ತೋರಿಸುತ್ತದೆ. ಸಕ್ಕರೆ ನಿಜವಾಗಿ ಇಳಿದಿರುವಾಗ ಪರದೆಯ ಮೇಲೆ ಸಮಾಧಾನಕರ ಅಂಕಿ ಕಂಡರೆ ಅದರ ಪರಿಣಾಮ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಹೀಗಾಗಿ ಸಾಧ್ಯವಾದರೆ ಮೊದಲು ಪರೀಕ್ಷೆ, ಆಮೇಲೆ ಮಾತ್ರೆ. ತೀರಾ ಅಶಕ್ತಿಯಾಗಿದ್ದರೆ ಪರೀಕ್ಷೆಗೆ ಕಾಯದೆ ಸುಮಾರು 15 ಗ್ರಾಂ ಗ್ಲುಕೋಸ್ ಬಾಯಿಗೆ ಹಾಕಿಕೊಂಡು, 15 ನಿಮಿಷದ ನಂತರ ಕೈ ತೊಳೆದೋ ಒರೆಸಿಯೋ ಮೀಟರ್ ನೋಡುವುದು ಒಳ್ಳೆಯದು.

ಇನ್ನು ಬಿಸಿಯ ವಿಷಯ. ಈ ಚೀಲದ ಒಳಗೆ ಬೆಳ್ಳಿ ಬಣ್ಣದ ಹಾಳೆಯ ಅಸ್ತರಿ ಇದ್ದು, ಔಷಧವನ್ನು ತಂಪಾಗಿಡುತ್ತದೆ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ. ಅಸ್ತರಿಯು ಹೊರಗಿನ ಬಿಸಿ ಒಳಗೆ ಬರುವುದನ್ನು ಸ್ವಲ್ಪ ಹೊತ್ತು ತಡೆಯಬಲ್ಲದೇ ಹೊರತು ತಂಪನ್ನು ಹುಟ್ಟಿಸಲಾರದು. ಚೀಲವೋ ಮೈಗೆ ತಾಗಿಕೊಂಡೇ ಇರುತ್ತದೆ. ಬಳಸಲು ಆರಂಭಿಸಿದ ಪೆನ್ನನ್ನು ಫ್ರಿಜ್‌ನಿಂದ ಹೊರಗೆ 30 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಇಡಬಹುದು, ಬಹುಪಾಲು ಇನ್ಸುಲಿನ್‌ಗಳಿಗೆ ಹೀಗೆ 28 ದಿನಗಳ ಅವಧಿಯಿದೆ. ಡೆಟೆಮಿರ್ ಎಂಬ ಬಗೆಯ ಇನ್ಸುಲಿನ್‌ಗೆ 42, ಡೆಗ್ಲುಡೆಕ್ ಎಂಬ ಬಗೆಗೆ 56 ದಿನಗಳವರೆಗೆ ಅವಕಾಶವಿದೆ. ಬಿಸಿಯಿಂದ ಶಕ್ತಿ ಕುಂದಿದ ಇನ್ಸುಲಿನ್ ಎಷ್ಟೋ ಸಲ ನೋಡಲು ಮೊದಲಿನಂತೆ ತಿಳಿಯಾಗಿಯೇ ಇರುವುದರಿಂದ, ಊಟದ ನಂತರದ ಸಕ್ಕರೆ ಕಾರಣವಿಲ್ಲದೆ ಏರತೊಡಗಿದಾಗಷ್ಟೇ ಅನುಮಾನ ಬರುತ್ತದೆ. ಸಾಧಾರಣ ಹವೆಯಲ್ಲಿ, ನೆರಳಿನಲ್ಲಿ ಓಡಾಡುವವರಿಗೆ ಈ ಚೀಲ ಸಾಕು. ಬಿಸಿಲಿನಲ್ಲಿ ನಿಂತು ಕೆಲಸ ಮಾಡುವವರು ಇದೊಂದನ್ನೇ ನಂಬುವಂತಿಲ್ಲ.

ಅಂಥವರಿಗೆ ನೀರಿನಲ್ಲಿ ನೆನೆಸಿ ಬಳಸುವ ಫ್ರಿಯೋ ಮಾದರಿಯ ಪುಟ್ಟ ಚೀಲಗಳು ಹೆಚ್ಚು ಭರವಸೆಯವು. ಅದರ ಪದರಗಳಲ್ಲಿರುವ ಹರಳುಗಳು ನೀರು ಹೀರಿ ಉಬ್ಬುತ್ತವೆ, ಆ ನೀರು ನಿಧಾನವಾಗಿ ಆವಿಯಾಗುತ್ತ ಒಳಗಿನ ಪೆನ್ನನ್ನು ತಂಪಾಗಿಡುತ್ತದೆ, ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ಹಾಗೆ. ಕೆಲವು ನಿಮಿಷ ನೆನೆಸಿದರೆ ಔಷಧವನ್ನು 18ರಿಂದ 26 ಡಿಗ್ರಿಯ ನಡುವೆ ಸುಮಾರು 45 ಗಂಟೆ ಕಾಪಾಡುತ್ತದೆ ಎಂಬುದು ತಯಾರಕರ ಹೇಳಿಕೆ. ಮಂಜುಗಡ್ಡೆಯ ಅಗತ್ಯವಿಲ್ಲದಿರುವುದೇ ಅದರ ದೊಡ್ಡ ಗುಣ, ಏಕೆಂದರೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸಲು ಯೋಗ್ಯವಲ್ಲ. ಒದ್ದೆ ಚೀಲವನ್ನು ಜಿಪ್ಪು ಹಾಕಿದ ಸೊಂಟದ ಚೀಲದೊಳಗೆ ತುರುಕಿದರೆ ಮಾತ್ರ ಎರಡರ ಪ್ರಯೋಜನವೂ ಹೋಗುತ್ತದೆ. ಗಾಳಿಯಾಡದೆ ನೀರು ಆವಿಯಾಗುವುದಿಲ್ಲ, ಜೊತೆಗೆ ಆ ತೇವ ಸ್ಟ್ರಿಪ್‌ಗಳನ್ನು ಕೆಡಿಸುತ್ತದೆ. ಸ್ಟ್ರಿಪ್‌ನ ಮೇಲಿರುವ ಕಿಣ್ವಕ್ಕೆ ತೇವವೇ ಶತ್ರು; ಅವುಗಳ ಡಬ್ಬಿಯಲ್ಲಿ ತೇವ ಹೀರುವ ವಸ್ತುವನ್ನು ಇಟ್ಟಿರುವುದು ಅದಕ್ಕಾಗಿಯೇ. ಜಾಗ ಉಳಿಸಲೆಂದು ಸ್ಟ್ರಿಪ್‌ಗಳನ್ನು ಡಬ್ಬಿಯಿಂದ ತೆಗೆದು ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿಕೊಳ್ಳುವ ಗೆಳೆಯರಿಗೆ ನಾನು ಹೇಳುವುದೂ ಇದನ್ನೇ.

ಚೀಲದ ದೊಡ್ಡ ಕೊರತೆಯೆಂದರೆ ಬಳಸಿದ ಸೂಜಿಗೆ ಅದರಲ್ಲಿ ಜಾಗವೇ ಇಲ್ಲದಿರುವುದು. ಪ್ರತಿ ಚುಚ್ಚುಮದ್ದಿನ ನಂತರ ಸೂಜಿಯನ್ನು ಪೆನ್ನಿನಿಂದ ಕಳಚಬೇಕು. ಹಾಗೆಯೇ ಬಿಟ್ಟರೆ ಔಷಧ ಸೋರುತ್ತದೆ, ಕಾರ್ಟ್ರಿಜ್‌ಗೆ ಗಾಳಿ ಸೇರುತ್ತದೆ, ಮುಂದಿನ ಡೋಸ್ ಸರಿಯಾಗಿ ಬೀಳುವುದಿಲ್ಲ. ಕಳಚಿದ ಸೂಜಿ 4 ಮಿಲಿಮೀಟರಿನದೇ ಆದರೂ ಬಟ್ಟೆಯನ್ನು ತೂರಬಲ್ಲದು, ಕಸ ತೆಗೆಯುವವರ ಕೈಯನ್ನೂ ಚುಚ್ಚಬಲ್ಲದು. ಗಟ್ಟಿ ಪ್ಲಾಸ್ಟಿಕ್ಕಿನ, ತಿರುಪಿನ ಮುಚ್ಚಳದ ಸಣ್ಣ ಡಬ್ಬಿಯೊಂದನ್ನು ಇದಕ್ಕಾಗಿ ನಾನೇ ಒಳಗೆ ಇಟ್ಟುಕೊಂಡಿದ್ದೇನೆ. ಇಷ್ಟೆಲ್ಲ ಯೋಚಿಸಿದ ತಯಾರಕರು ಅಂಥದ್ದೊಂದನ್ನು ಚೀಲದ ಜೊತೆಗೇ ಕೊಡಬಹುದಿತ್ತು. ಒಳಗಿನ ಅರೆಗಳ ಬಟ್ಟೆ ಪೂರ್ತಿ ಕಪ್ಪಾಗಿರುವುದೂ ಸರಿಯಲ್ಲ: ಮಬ್ಬು ಬೆಳಕಿನಲ್ಲಿ ಕಪ್ಪು ಮೀಟರ್, ಕಪ್ಪು ಡಬ್ಬಿ, ಕಪ್ಪು ಅರೆ ಎಲ್ಲವೂ ಒಂದೇ ಆಗಿ, ಕೈಯಿಂದ ತಡಕಾಡಬೇಕಾಗುತ್ತದೆ.

ಹೊರನೋಟದಲ್ಲಿ ಇದು ಯಾವುದೇ ಸಾದಾ ಸೊಂಟದ ಚೀಲದಂತಿದೆ, ವೈದ್ಯಕೀಯ ಗುರುತೇನೂ ಇಲ್ಲ. ಕಾಯಿಲೆಯನ್ನು ನಾಲ್ಕು ಜನರಿಗೆ ತೋರಿಸಿಕೊಳ್ಳಲು ಇಷ್ಟಪಡದ ಗಂಡಸರು ಬಹಳ ಮಂದಿ ಇರುವುದರಿಂದ, ಅವರು ಚೀಲವನ್ನು ಕಟ್ಟಿಕೊಳ್ಳಲು ಒಪ್ಪುವುದೇ ಈ ಕಾರಣಕ್ಕೆ ಎಂದು ನಾನು ಬಲ್ಲೆ. ಹೆಸರು, ಕಾಯಿಲೆ, ಔಷಧಗಳನ್ನು ಬರೆದಿಡುವ ಚೀಟಿಗೆ ಒಳಗೆ ಒಂದು ಪಾರದರ್ಶಕ ಅರೆಯಿದೆ. ಆದರೆ ಎಚ್ಚರ ತಪ್ಪಿ ಬಿದ್ದವನ ಅಂಗಿ ಸರಿಸಿ, ಚೀಲ ತೆರೆದು ಯಾರು ಓದುತ್ತಾರೆ? ಇನ್ಸುಲಿನ್ ತೆಗೆದುಕೊಳ್ಳುವವರು ಚೀಟಿಯ ಜೊತೆಗೆ ಕೈಗೆ ಒಂದು ಗುರುತಿನ ಪಟ್ಟಿಯನ್ನೂ ಕಟ್ಟಿಕೊಳ್ಳಲಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಕೊಳವೆಯ ಮೂಲಕ ಮೈಗೆ ಇನ್ಸುಲಿನ್ ಹರಿಸುವ ಪಂಪ್ ಬಳಸುವವರಿಗೆ ಈ ಚೀಲದಿಂದ ಹೆಚ್ಚು ಉಪಯೋಗವಿಲ್ಲ, ಏಕೆಂದರೆ ಕೊಳವೆ ಹೊರಬರಲು ಇದರಲ್ಲಿ ಕಿಂಡಿಯಿಲ್ಲ. ತೋಳಿಗೆ ಅಂಟಿಸುವ, ಸಕ್ಕರೆ ಅಳೆಯುವ ಸೆನ್ಸರ್ ಇರುವವರಿಗೆ ಸಾಮಾನು ಕಡಿಮೆಯಾಗುತ್ತದೆ ನಿಜ, ಆದರೂ ಸೆನ್ಸರ್ ತೋರಿಸುವ ಅಂಕಿಗೂ ಮೈಗೆ ಆಗುತ್ತಿರುವುದಕ್ಕೂ ಹೊಂದಿಕೆಯಾಗದಾಗ ಬೆರಳು ಚುಚ್ಚಿ ನೋಡಲೇಬೇಕಾಗುವುದರಿಂದ ಮೀಟರನ್ನು ಮನೆಯಲ್ಲಿ ಬಿಡುವಂತಿಲ್ಲ. ವಿಮಾನದಲ್ಲಿ ಹೋಗುವವರಿಗೆ ಸೊಂಟದ ಚೀಲ ತುಂಬಾ ಅನುಕೂಲ, ಏಕೆಂದರೆ ಸಾಮಾನಿನ ಕೋಣೆಗೆ ಹಾಕಿದ ಇನ್ಸುಲಿನ್ ಹೆಪ್ಪುಗಟ್ಟುವ ಸಂಭವವಿದೆ. ವೈದ್ಯರ ಪತ್ರವನ್ನೂ ಇದರಲ್ಲೇ ಮಡಚಿ ಇಡಬಹುದು. ದಿನಕ್ಕೊಮ್ಮೆ ಮನೆಯಲ್ಲೇ ಚುಚ್ಚಿಕೊಂಡು ಹೊರಡುವವರಿಗೆ ಇಷ್ಟು ದೊಡ್ಡ ಚೀಲ ಬೇಡ, ಮೀಟರ್ ಮತ್ತು ಗ್ಲುಕೋಸ್ ಹಿಡಿಸುವಷ್ಟು ಸಣ್ಣದು ಸಾಕು. ಊಟ ಊಟಕ್ಕೂ ಇನ್ಸುಲಿನ್ ಬೇಕಾದವರು ಮಾತ್ರ ತಮ್ಮ ಪೆನ್ನನ್ನು ಜೊತೆಗೆ ಕೊಂಡೊಯ್ದು, ಮುಚ್ಚಳ ಸಮೇತ ಅದು ಎಲಾಸ್ಟಿಕ್ ಪಟ್ಟಿಯಲ್ಲಿ ಸರಿಯಾಗಿ ಕೂರುತ್ತದೆಯೇ, ಕುರ್ಚಿಯಲ್ಲಿ ಕುಳಿತಾಗ ಬಕಲ್ ಪಕ್ಕೆಗೆ ಒತ್ತುತ್ತದೆಯೇ ಎಂದು ಕಟ್ಟಿ ನೋಡಿಯೇ ಕೊಳ್ಳಲಿ.